ಆಟೋಫಜಿ ಪ್ರಾಜೆಕ್ಟ್: ಪೇಪರ್ ಓದುವ ಮೊದಲು ನಿಘಂಟು, ವಿಶ್ವಕೋಶ ನೋಡಲೇಬೇಕಾ?

ಹಸಿರೆಲೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಬಿಎಸ್ಸಿ ಎರಡನೇ ವರ್ಷ. ಜೀವಶಾಸ್ತ್ರದಲ್ಲಿ ಒಂದು ಪ್ರಾಜೆಕ್ಟ್ ವರದಿ ಬರೆಯಬೇಕು. ಆಟೋಫಜಿ ಆರಿಸಿಕೊಂಡಿದ್ದೇನೆ, ಅಂದರೆ ಜೀವಕೋಶ ತನ್ನದೇ ಭಾಗಗಳನ್ನು ತಾನೇ ಅರಗಿಸಿಕೊಳ್ಳುವುದು. ಹಸಿವಾದಾಗ ಕೋಶ ತನ್ನನ್ನೇ ಸ್ವಲ್ಪ ತಿಂದು ಬದುಕುತ್ತದೆ ಅಂತ ಕ್ಲಾಸಿನಲ್ಲಿ ಕೇಳಿದಾಗಿನಿಂದ ಅದೇ ತಲೆಯಲ್ಲಿ ಕೂತಿದೆ.

ತೊಂದರೆ ಏನಂದರೆ, ನಾನು ನೇರವಾಗಿ ಸಂಶೋಧನಾ ಪೇಪರ್‌ಗಳಿಗೇ ಕೈ ಹಾಕಿದೆ. ಮೂರು ದಿನ ಆಯ್ತು, ಮೊದಲ ಪೇಪರಿನ ನಾಲ್ಕನೇ ಪುಟ ದಾಟಿಲ್ಲ. ಪ್ರತಿ ಸಾಲಿಗೂ ಒಂದು ಹೊಸ ಪದ. ಫ್ಯಾಗೋಫೋರ್, ವ್ಯಾಕ್ಯುಯೋಲ್, ಎಟಿಜಿ8, ಎಲ್‌ಸಿ3, ಟಾರ್. ಒಂದನ್ನು ಹುಡುಕಲು ಹೋದರೆ ಅಲ್ಲಿ ಗೊತ್ತಿಲ್ಲದ ಇನ್ನೂ ಮೂರು ಪದ ಕಾದಿರುತ್ತವೆ, ವಾಪಸ್ ಬರುವಷ್ಟರಲ್ಲಿ ಎಲ್ಲಿ ಬಿಟ್ಟಿದ್ದೆ ಅನ್ನುವುದೇ ಮರೆತಿರುತ್ತದೆ.

ನಮ್ಮ ಗೈಡ್ ಹೇಳುವುದು: ಮೊದಲು ವಿಷಯ ನಿಘಂಟು, ವಿಶ್ವಕೋಶ ಓದಿ ಹಿನ್ನೆಲೆ ಮಾಡಿಕೊ, ಪೇಪರ್ ಆಮೇಲೆ. ಆದರೆ ವಿಶ್ವಕೋಶ ಅಂದರೆ ಹೈಸ್ಕೂಲಿನಲ್ಲಿ ಚಾರ್ಟ್ ಮಾಡುವಾಗ ನೋಡುತ್ತಿದ್ದ ಪುಸ್ತಕ ಅಲ್ವಾ? ಅದನ್ನು ಆಕರ ಅಂತ ಕೊಟ್ಟರೆ ಅಂಕ ಕಡಿಮೆ ಮಾಡುತ್ತಾರೆ ಅಂತಲೂ ಸೀನಿಯರ್‌ಗಳು ಹೇಳುತ್ತಾರೆ. ಉಲ್ಲೇಖಿಸುವ ಹಾಗೇ ಇಲ್ಲ ಅಂದಮೇಲೆ ಓದಿ ಏನು ಸಿಗುತ್ತದೆ? ಓದಲೇಬೇಕು ಅಂದರೆ ಯಾವುದು ಮೊದಲು, ಎಷ್ಟು ಹೊತ್ತು? ಇದನ್ನು ಮಾಡಿ ನೋಡಿದವರು ದಯವಿಟ್ಟು ಹೇಳಿ.


ಕೋಶಕೇಂದ್ರ ಬರೆದದ್ದು:

ನಿಮ್ಮ ಗೈಡ್ ಸರಿಯಾಗಿಯೇ ಹೇಳಿದ್ದಾರೆ. ಯಾಕೆ ಅನ್ನುವುದನ್ನು ಹೇಳಿಲ್ಲ ಅಷ್ಟೇ. ನಿಘಂಟು, ವಿಶ್ವಕೋಶ ಓದುವುದು ಉಲ್ಲೇಖಿಸಲು ಅಲ್ಲ. ಹುಡುಕಲು ಬೇಕಾದ ಪದಗಳು ಅಲ್ಲಿ ಸಿಗುತ್ತವೆ. ಸರಿಯಾದ ಪದ ಕೈಯಲ್ಲಿಲ್ಲದಿದ್ದರೆ ನಿಮಗೆ ಬೇಕಾದ ಪೇಪರ್ ಇದ್ದರೂ ಅದು ಕಣ್ಣಿಗೇ ಬೀಳುವುದಿಲ್ಲ.

ನಿಮ್ಮ ವಿಷಯವನ್ನೇ ತೆಗೆದುಕೊಳ್ಳಿ. ಜೀವಶಾಸ್ತ್ರದ ನಿಘಂಟಿನಲ್ಲಿ ಆಟೋಫಜಿ ತೆಗೆದರೆ ನಾಲ್ಕೈದು ಸಾಲು ಇರುತ್ತದೆ. ಆಟೋ ಅಂದರೆ ತಾನೇ, ಫಜಿ ಅಂದರೆ ತಿನ್ನುವುದು, ಎರಡೂ ಗ್ರೀಕ್ ಮೂಲ. ಇಷ್ಟು ಗೊತ್ತಾದ ಕೂಡಲೇ ಬ್ಯಾಕ್ಟೀರಿಯೋಫೇಜ್, ಮ್ಯಾಕ್ರೋಫೇಜ್, ಫ್ಯಾಗೋಸೈಟೋಸಿಸ್ ಎಲ್ಲವೂ ಒಂದೇ ಮನೆಯವು ಅಂತ ಕಾಣುತ್ತದೆ. ಫ್ಯಾಗೋಫೋರ್ ಕೂಡ ಹಾಗೇ, ಅರಗಿಸಬೇಕಾದ ಭಾಗವನ್ನು ಸುತ್ತಿಕೊಳ್ಳುವ ಪೊರೆ ಅದು. ಲೈಸಿಸ್ ಅಂದರೆ ಬಿಡಿಸುವುದು, ಒಡೆಯುವುದು. ಲೈಸೋಸೋಮ್, ಗ್ಲೈಕೋಲಿಸಿಸ್, ಹೀಮೋಲಿಸಿಸ್, ಹೈಡ್ರೋಲಿಸಿಸ್, ಎಲ್ಲದರಲ್ಲೂ ಅದೇ ಇದೆ. ಇಂಥ ಒಂದು ನಲವತ್ತು ಐವತ್ತು ಬೇರುಪದಗಳು ಕೈವಶವಾದರೆ ಹೊಸ ಪದ ಕಂಡಾಗ ಗಾಬರಿ ಆಗುವುದಿಲ್ಲ. ಅರ್ಧ ಅರ್ಥ ಪದದ ಒಳಗೇ ಇರುತ್ತದೆ.

ಮನೆಯಲ್ಲಿರುವ ಸಾಮಾನ್ಯ ನಿಘಂಟು ಇದಕ್ಕೆ ಸಾಲದು. ಟ್ರಾನ್ಸ್‌ಫಾರ್ಮೇಶನ್ ಅಂತ ಅದರಲ್ಲಿ ನೋಡಿದರೆ ಬದಲಾವಣೆ, ರೂಪಾಂತರ ಅಂತ ಇರುತ್ತದೆ. ಜೀವಶಾಸ್ತ್ರದ ನಿಘಂಟಿನಲ್ಲಿ ಬೇರೆಯೇ ಎರಡು ಅರ್ಥಗಳಿವೆ. ಬ್ಯಾಕ್ಟೀರಿಯಾ ಹೊರಗಿನ ಡಿಎನ್‌ಎ ತುಣುಕನ್ನು ಒಳಗೆ ಎಳೆದುಕೊಂಡು ಗುಣ ಬದಲಿಸಿಕೊಳ್ಳುವುದು ಒಂದು, ಇದು 1928ರಲ್ಲಿ ಗ್ರಿಫಿತ್ ಮಾಡಿದ ಪ್ರಯೋಗದಿಂದ ಬಂದದ್ದು. ಪ್ರಾಣಿಗಳ ಜೀವಕೋಶ ಕ್ಯಾನ್ಸರ್ ಕೋಶದಂತೆ ಬೆಳೆಯಲು ಶುರುಮಾಡುವುದು ಇನ್ನೊಂದು. ಯಾವ ಅರ್ಥ ಅಂತ ಗೊತ್ತಿಲ್ಲದೆ ಪೇಪರ್ ಓದಿದರೆ ಇಡೀ ಪುಟ ತಪ್ಪಾಗಿ ಅರ್ಥವಾಗುತ್ತದೆ, ತಪ್ಪಾಗಿದೆ ಅಂತಲೂ ಗೊತ್ತಾಗುವುದಿಲ್ಲ. ವೆಕ್ಟರ್ ಕೂಡ ಹಾಗೇ. ಒಂದು ಕಡೆ ರೋಗ ಹರಡುವ ಸೊಳ್ಳೆ, ಇನ್ನೊಂದು ಕಡೆ ಜೀನ್ ಸಾಗಿಸುವ ಪ್ಲಾಸ್ಮಿಡ್, ಅಂದರೆ ಡಿಎನ್‌ಎಯ ಚಿಕ್ಕ ಉಂಗುರ. ಕಾರ್ಟೆಕ್ಸ್ ಅಂದರೆ ಲ್ಯಾಟಿನ್‌ನಲ್ಲಿ ಮರದ ತೊಗಟೆ. ಅದು ಮಿದುಳಿಗೂ ಇದೆ, ಮೂತ್ರಪಿಂಡಕ್ಕೂ ಇದೆ, ಗಿಡದ ಬೇರಿಗೂ ಇದೆ.

ನಮ್ಮ ಕನ್ನಡದಲ್ಲೂ ಈ ತೊಡಕು ಇದೆ ನೋಡಿ. ಜೀವಕೋಶ, ಶ್ವಾಸಕೋಶ, ಗರ್ಭಕೋಶ, ಮೂತ್ರಕೋಶ. ಮೊದಲನೆಯದು ಸೂಕ್ಷ್ಮದರ್ಶಕದಲ್ಲಿ ನೋಡುವಂಥದ್ದು, ಉಳಿದವು ಇಡೀ ಅಂಗಗಳು. ಸಾಲದ್ದಕ್ಕೆ ನಿಘಂಟಿಗೂ ಕೋಶ ಅಂತಲೇ ಹೆಸರು.

ಈಗ ಮುಖ್ಯ ಕೆಲಸ. ಒಂದು ಹಾಳೆ ತೆಗೆದುಕೊಂಡು ಮೇಲಿಂದ ಕೆಳಗೆ ಗೀಟು ಎಳೆದು ಮೂರು ಸಾಲು ಮಾಡಿ. ಮೊದಲ ಸಾಲಿನಲ್ಲಿ ಪದ. ಎರಡನೆಯದರಲ್ಲಿ ಅದರ ಅರ್ಥ, ನಿಮ್ಮ ಮಾತಿನಲ್ಲೇ, ಪುಸ್ತಕ ಮುಚ್ಚಿಟ್ಟು ಬರೆದದ್ದು. ಮೂರನೆಯದರಲ್ಲಿ ಅದಕ್ಕಿರುವ ಬೇರೆ ಹೆಸರುಗಳು. ಈ ಮೂರನೇ ಸಾಲನ್ನು ಜಾಸ್ತಿ ಜನ ಖಾಲಿ ಬಿಡುತ್ತಾರೆ, ಆದರೆ ನಿಜವಾದ ಲಾಭ ಇರುವುದು ಅಲ್ಲೇ. ಯೀಸ್ಟ್ ಕೋಶದಲ್ಲಿ ಈ ಅರಗಿಸುವ ಕೆಲಸ ಮಾಡುವುದು ವ್ಯಾಕ್ಯುಯೋಲ್ ಅನ್ನುವ ಚೀಲದಂಥ ಭಾಗ, ನಮ್ಮ ಕೋಶಗಳಲ್ಲಿ ಲೈಸೋಸೋಮ್. ಯೀಸ್ಟ್ ಬಗ್ಗೆ ಹುಡುಕುವಾಗ ಲೈಸೋಸೋಮ್ ಅಂತ ಹಾಕಿದರೆ ಅರ್ಧ ಪೇಪರ್‌ಗಳು ತಪ್ಪಿಹೋಗುತ್ತವೆ. ಎಟಿಜಿ8 ಯೀಸ್ಟಿನ ಪ್ರೋಟೀನ್, ಎಲ್‌ಸಿ3 ಸಸ್ತನಿಗಳಲ್ಲಿ ಅದರ ಬಂಧು. ನೀವು ಇವನ್ನು ಎರಡು ಬೇರೆ ವಿಷಯ ಅಂತ ಓದುತ್ತಿದ್ದಿರಿ ಅನ್ನಿಸುತ್ತದೆ. ಟಾರ್ ಇನ್ನೊಂದು ಪ್ರೋಟೀನ್, ಆಹಾರ ಸಾಕಷ್ಟು ಇರುವಾಗ ಆಟೋಫಜಿ ಶುರುವಾಗದಂತೆ ತಡೆದಿಡುತ್ತದೆ.

ಇನ್ನೊಂದು ಮಾತು. 1990ರ ದಶಕದಲ್ಲಿ ಬೇರೆ ಬೇರೆ ಲ್ಯಾಬ್‌ಗಳು ಇದೇ ಯೀಸ್ಟ್ ಜೀನ್‌ಗಳನ್ನು ಬೇರೆ ಬೇರೆಯಾಗಿ ಕಂಡುಹಿಡಿದವು, ಒಬ್ಬರು ಎಪಿಜಿ ಅಂತ ಕರೆದರು, ಇನ್ನೊಬ್ಬರು ಎಯುಟಿ ಅಂದರು, ಮತ್ತೊಬ್ಬರು ಸಿವಿಟಿ ಅಂದರು, ಕೊನೆಗೆ 2003ರಲ್ಲಿ ಎಲ್ಲರೂ ಕೂಡಿ ಎಟಿಜಿ ಅನ್ನುವ ಒಂದೇ ಹೆಸರಿಗೆ ಒಪ್ಪಿದರು. ಹಾಗಾಗಿ 2003ಕ್ಕಿಂತ ಹಿಂದಿನ ಪೇಪರ್ ಬೇಕಾದರೆ ಹಳೆಯ ಹೆಸರಿನಲ್ಲಿಯೂ ಹುಡುಕಬೇಕು. ಇದನ್ನು ಒಂದು ಒಳ್ಳೆಯ ವಿಶ್ವಕೋಶ ಲೇಖನ ಎರಡು ಸಾಲಿನಲ್ಲಿ ಹೇಳಿಬಿಡುತ್ತದೆ. ಪೇಪರ್‌ಗಳು ಹೇಳುವುದಿಲ್ಲ, ಓದುಗರಿಗೆ ಗೊತ್ತಿದೆ ಅಂದುಕೊಂಡೇ ಅವು ಬರೆದಿರುತ್ತವೆ.


ಹಳೇಕಪಾಟು ಬರೆದದ್ದು:

ಮೇಲಿನವರು ನಿಘಂಟಿನ ಬಗ್ಗೆ ಚೆನ್ನಾಗಿ ಹೇಳಿದ್ದಾರೆ. ನಾನು ವಿಶ್ವಕೋಶದ ಬಗ್ಗೆ ಸ್ವಲ್ಪ ಹೇಳುತ್ತೇನೆ, ಅದರಲ್ಲೂ ಯಾವ ವರ್ಷದ್ದು ಅಂತ ನೋಡುವ ಬಗ್ಗೆ. ಇದರಿಂದ ನನಗೆ ಒಮ್ಮೆ ದೊಡ್ಡ ಪೆಟ್ಟು ಬಿದ್ದಿದೆ.

ನಾನು ಸಸ್ಯಶಾಸ್ತ್ರ ಓದುವಾಗ ಕರಿಜಾಲಿ ಮರದ ಬಗ್ಗೆ ವರದಿ ಬರೆಯಬೇಕಿತ್ತು. ದಪ್ಪನೆಯ ಹಳೆಯ ವಿಶ್ವಕೋಶವೊಂದರಲ್ಲಿ ಅಕೇಶಿಯಾ ನಿಲೋಟಿಕಾ ಅಂತ ಇತ್ತು. ಅದೇ ಹೆಸರಿನಲ್ಲಿ ಎರಡು ವಾರ ಹುಡುಕಿದೆ. ಸಿಕ್ಕಿದ್ದರಲ್ಲಿ ಜಾಸ್ತಿ ಹಳೆಯ ಕೆಲಸಗಳೇ. ಈ ಮರದ ಮೇಲೆ ಈಚೆಗೆ ಯಾರೂ ಹೆಚ್ಚು ಕೆಲಸ ಮಾಡುತ್ತಿಲ್ಲ ಅಂತ ವರದಿಯಲ್ಲಿ ಬರೆದೂಬಿಟ್ಟೆ. ಆಮೇಲೆ ಗೊತ್ತಾಯ್ತು, ಅಕೇಶಿಯಾ ಕುಲವನ್ನು ಒಡೆದಿದ್ದಾರೆ. 2005ರಲ್ಲಿ ವಿಯೆನ್ನಾದ ಸಸ್ಯಶಾಸ್ತ್ರ ಸಮ್ಮೇಳನದಲ್ಲಿ ಆ ಹೆಸರನ್ನು ಬಹುಪಾಲು ಆಸ್ಟ್ರೇಲಿಯಾದ ಜಾತಿಗಳಿಗೆ ಉಳಿಸುವ ತೀರ್ಮಾನ ಆಯ್ತು, ಅದರ ಮೇಲೆ ವರ್ಷಗಟ್ಟಲೆ ಜಗಳ ನಡೆದು 2011ರ ಮೆಲ್ಬೋರ್ನ್ ಸಮ್ಮೇಳನದಲ್ಲಿ ಅದೇ ಗಟ್ಟಿಯಾಯ್ತು. ನನ್ನ ಮರ ಈಗ ವ್ಯಾಚೆಲಿಯಾ ನಿಲೋಟಿಕಾ. ಹೊಸ ಕೆಲಸ ಎಲ್ಲ ಆ ಹೆಸರಿನಲ್ಲಿತ್ತು! ವರದಿಯ ಅರ್ಧ ಭಾಗ ಮತ್ತೆ ಬರೆಯಬೇಕಾಯ್ತು. ತಪ್ಪು ಆ ಪುಸ್ತಕದ್ದಲ್ಲ. ಅದು ಅಚ್ಚಾದ ಕಾಲಕ್ಕೆ ಅದು ಸರಿಯೇ ಇತ್ತು.

ಜೀವಶಾಸ್ತ್ರದಲ್ಲಿ ಇದು ಪದೇ ಪದೇ ಆಗುತ್ತದೆ. 1956ಕ್ಕಿಂತ ಹಿಂದಿನ ಪುಸ್ತಕಗಳಲ್ಲಿ ಮನುಷ್ಯನಿಗೆ 48 ಕ್ರೋಮೋಸೋಮ್ ಅಂತಲೇ ಇತ್ತು. ಮೂರು ದಶಕಕ್ಕೂ ಜಾಸ್ತಿ ಕಾಲ ಎಲ್ಲರೂ ಅದನ್ನೇ ಕಲಿತರು. ಆ ವರ್ಷ ಜೋ ಹಿನ್ ಟ್ಜಿಯೊ ಮತ್ತು ಆಲ್ಬರ್ಟ್ ಲೆವಾನ್ ಸರಿಯಾಗಿ ಎಣಿಸಿ 46 ಅಂತ ತೋರಿಸಿದರು. ಶಿಲೀಂಧ್ರಗಳು ಗಿಡಗಳ ಗುಂಪಿನಲ್ಲಿದ್ದವು, 1969ರಲ್ಲಿ ವಿಟೇಕರ್ ಐದು ಸಾಮ್ರಾಜ್ಯಗಳ ವಿಂಗಡಣೆ ಮಾಡಿದಾಗ ಅವಕ್ಕೆ ಸ್ವಂತ ಮನೆ ಸಿಕ್ಕಿತು. ಆರ್ಕಿಯಾ ಅನ್ನುವ ಸೂಕ್ಷ್ಮಜೀವಿಗಳ ಇಡೀ ಗುಂಪು 1977ರ ತನಕ ಬ್ಯಾಕ್ಟೀರಿಯಾದ ಜೊತೆಗೇ ಸೇರಿಹೋಗಿತ್ತು, ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ ಬೇರೆ ಮಾಡಿ ತೋರಿಸಿದರು. ಆದ್ದರಿಂದ ವಿಶ್ವಕೋಶ ತೆರೆದ ಕೂಡಲೇ ಮೊದಲು ವರ್ಷ ನೋಡಿ. ಕಣ್ಣಿನ ರಚನೆ, ಹೂವಿನ ಭಾಗಗಳಂಥ ವಿಷಯಕ್ಕೆ ಹಳೆಯದಾದರೂ ನಡೆಯುತ್ತದೆ. ವರ್ಗೀಕರಣ, ಜೀನ್, ರೋಗನಿರೋಧಕ ಶಕ್ತಿ, ನಿಮ್ಮ ಆಟೋಫಜಿ, ಇವಕ್ಕೆ ನಡೆಯುವುದಿಲ್ಲ.

ಓದುವ ರೀತಿ ಬಗ್ಗೆಯೂ ಒಂದು ಮಾತು. ಅಚ್ಚಾದ ವಿಶ್ವಕೋಶದಲ್ಲಿ ನೇರ ಅಕಾರಾದಿಯಾಗಿ ಹುಡುಕಬೇಡಿ. ಕೊನೆಯ ಸಂಪುಟದ ಸೂಚಿಗೆ ಹೋಗಿ. ಆಟೋಫಜಿ ಅಂತ ಬೇರೆ ಲೇಖನವೇ ಇಲ್ಲದಿರಬಹುದು, ಆದರೆ ಲೈಸೋಸೋಮ್, ಯೀಸ್ಟ್, ಉಪವಾಸ, ಪ್ರೋಟೀನ್ ವಿಘಟನೆ, ಈ ನಾಲ್ಕು ಲೇಖನಗಳ ಒಳಗೆ ಅದು ಹಂಚಿಹೋಗಿರುತ್ತದೆ. ಸೂಚಿ ಅದನ್ನು ಒಟ್ಟಿಗೆ ತೋರಿಸುತ್ತದೆ. ಲೇಖನದ ಕೊನೆಯಲ್ಲಿ ಬರೆದವರ ಹೆಸರು ಇದೆಯಾ ನೋಡಿ, ಮುಂದಿನ ಓದಿಗೆ ಅಂತ ಕೊಟ್ಟಿರುವ ಪಟ್ಟಿ ನೋಡಿ. ಆ ಪಟ್ಟಿ ನಿಮ್ಮ ಮುಂದಿನ ಮೆಟ್ಟಿಲು.

ವಿಕಿಪೀಡಿಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಯಾಕೆಂದರೆ ಎಲ್ಲರೂ ಅದನ್ನೇ ಮೊದಲು ತೆರೆಯುವುದು. 2005ರಲ್ಲಿ ನೇಚರ್ ಪತ್ರಿಕೆ ವಿಜ್ಞಾನದ 42 ವಿಷಯಗಳಲ್ಲಿ ವಿಕಿಪೀಡಿಯ ಮತ್ತು ಬ್ರಿಟಾನಿಕಾ ಲೇಖನಗಳನ್ನು ಅಕ್ಕಪಕ್ಕ ಇಟ್ಟು ತಜ್ಞರಿಂದ ಪರಿಶೀಲನೆ ಮಾಡಿಸಿತು. ವಿಕಿಪೀಡಿಯದಲ್ಲಿ ಒಂದು ಲೇಖನಕ್ಕೆ ಸರಾಸರಿ ನಾಲ್ಕು ತಪ್ಪು, ಬ್ರಿಟಾನಿಕಾದಲ್ಲಿ ಮೂರು. ಆ ಹೋಲಿಕೆಯ ವಿಧಾನವನ್ನು ಬ್ರಿಟಾನಿಕಾದವರು ಒಪ್ಪಲಿಲ್ಲ. ನನಗೆ ಅದರಲ್ಲಿ ಮುಖ್ಯ ಅನ್ನಿಸುವುದು ಯಾರು ಗೆದ್ದರು ಅನ್ನುವುದಲ್ಲ, ಎರಡರಲ್ಲೂ ತಪ್ಪು ಇತ್ತು ಅನ್ನುವುದು. ವಿಕಿಪೀಡಿಯ ಲೇಖನದ ಜೊತೆಗೇ ಚರ್ಚೆ ಪುಟ ಮತ್ತು ಇತಿಹಾಸ ಪುಟ ಇರುತ್ತದೆ. ಯಾವ ವಾಕ್ಯದ ಮೇಲೆ ಜಗಳ ನಡೆದಿದೆ ಅಂತ ಅಲ್ಲಿ ಕಾಣುತ್ತದೆ. ಜಗಳ ಇರುವ ಕಡೆ ನಿಜವಾದ ಪ್ರಶ್ನೆಯೂ ಇರಬಹುದು, ಪ್ರಾಜೆಕ್ಟ್‌ಗೆ ವಿಷಯ ಹುಡುಕುವವರು ಅದನ್ನು ನೋಡಲೇಬೇಕು.


ಬೇರುಕಾಂಡ ಬರೆದದ್ದು:

ನಾನು ಸ್ವಲ್ಪ ಬೇರೆ ಹೇಳುತ್ತೇನೆ. ನಿಘಂಟು ಬೇಕೇ ಬೇಕು, ಒಪ್ಪಿದೆ. ಆದರೆ ಇಷ್ಟು ವೇಗವಾಗಿ ಬದಲಾಗುವ ವಿಷಯಕ್ಕೆ ವಿಶ್ವಕೋಶದಲ್ಲಿ ಜಾಸ್ತಿ ಹೊತ್ತು ಕೂರಬೇಡಿ. ಅರ್ಧ ದಿನ ಸಾಕು. ಆಮೇಲೆ ಒಂದು ಪಠ್ಯಪುಸ್ತಕದ ಅಧ್ಯಾಯ, ಆಮೇಲೆ ಒಂದು ರಿವ್ಯೂ ಲೇಖನ (ಒಂದು ವಿಷಯದ ಹಲವು ಪೇಪರ್‌ಗಳನ್ನು ಒಟ್ಟಿಗೆ ವಿವರಿಸುವಂಥದ್ದು), ಪೇಪರ್ ಕೊನೆಗೆ. ಅಮೆರಿಕದ ಸರ್ಕಾರಿ ಸಂಸ್ಥೆ ಎನ್‌ಸಿಬಿಐನ ಬುಕ್‌ಶೆಲ್ಫ್ ಅನ್ನುವ ಜಾಲತಾಣದಲ್ಲಿ ಜೀವಶಾಸ್ತ್ರ, ವೈದ್ಯಕೀಯದ ಎಷ್ಟೋ ಪುಸ್ತಕಗಳು ಉಚಿತವಾಗಿ ಓದಲು ಸಿಗುತ್ತವೆ.

ಇನ್ನೊಂದು ಸಾಧನ ಯಾರೂ ಹೇಳಲಿಲ್ಲ. ಮೆಶ್. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ 1960ರಿಂದ ನಡೆಸಿಕೊಂಡು ಬಂದಿರುವ ಪದಪಟ್ಟಿ ಅದು. ಒಂದು ಬಗೆಯ ನಿಘಂಟೇ, ಆದರೆ ಅಕಾರಾದಿಯ ಜೊತೆಗೆ ಮರದ ಕೊಂಬೆಗಳ ಹಾಗೆಯೂ ಜೋಡಿಸಿದ್ದಾರೆ. ಪ್ರತಿ ಪದಕ್ಕೂ ಚಿಕ್ಕ ವಿವರಣೆ, ಅದೇ ಅರ್ಥದ ಬೇರೆ ಪದಗಳು, ಮೇಲಿನ ಕೊಂಬೆ ಯಾವುದು, ಕೆಳಗಿನ ಕೊಂಬೆಗಳು ಯಾವುವು, ಎಲ್ಲ ಇರುತ್ತದೆ. ನಾವು ಹಾರ್ಟ್ ಅಟ್ಯಾಕ್ ಅನ್ನುತ್ತೇವೆ, ಅಲ್ಲಿ ಅದು ಮಯೋಕಾರ್ಡಿಯಲ್ ಇನ್‌ಫಾರ್ಕ್ಷನ್. ಕ್ಯಾನ್ಸರ್ ಅಲ್ಲಿ ನಿಯೋಪ್ಲಾಸಮ್ಸ್. ಪೇಪರ್ ಹುಡುಕುವ ಜಾಲತಾಣ ಪಬ್‌ಮೆಡ್‌ನಲ್ಲಿ ಪೇಪರ್‌ಗಳಿಗೆ ವಿಷಯದ ಪಟ್ಟಿ ಹಚ್ಚುವುದು ಈ ಪದಗಳಿಂದಲೇ. ಕೋಶಕೇಂದ್ರ ಹೇಳಿದ ಮೂರನೇ ಸಾಲು ತುಂಬಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

ರಿವ್ಯೂ ಓದಿದರೆ ವಿಶ್ವಕೋಶ ಯಾಕೆ ಅಂತ ನಾನೂ ಮೊದಲು ಕೇಳುತ್ತಿದ್ದೆ. ರಿವ್ಯೂ ಬರೆಯುವವರು ಅದೇ ಕ್ಷೇತ್ರದವರು, ಅವರಿಗೆ ಒಂದು ಪಕ್ಷ ಇರುತ್ತದೆ. ವಿಶ್ವಕೋಶ ಹೊರಗಿನವರಿಗೆ ಅಂತಲೇ ಬರೆದದ್ದು. ಅದಕ್ಕೇ ಆ ಅರ್ಧ ದಿನ ಬಿಡಬೇಡಿ ಅನ್ನುತ್ತೇನೆ.


ಪರಾಗ ಬರೆದದ್ದು:

ಉಲ್ಲೇಖದ ಬಗ್ಗೆ ಕೇಳಿದ್ದಿರಿ. ಆಟೋಫಜಿ ಅಂದರೇನು ಅನ್ನುವ ಸಾಲಿಗೆ ನಿಘಂಟನ್ನು ಉಲ್ಲೇಖಿಸುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ. ಅರ್ಥ ಮಾಡಿಕೊಂಡು ನಿಮ್ಮ ಮಾತಿನಲ್ಲಿ ಬರೆಯಿರಿ. ಅವರ ವಾಕ್ಯವನ್ನೇ ಎತ್ತಿ ಇಟ್ಟರೆ ಮಾತ್ರ ಖಂಡಿತ ಹೆಸರು ಹೇಳಬೇಕು. ವರದಿಯನ್ನು "ನಿಘಂಟಿನ ಪ್ರಕಾರ" ಅಂತ ಶುರು ಮಾಡಬೇಡಿ. ನಾನು ಎಷ್ಟೋ ವರದಿ ಓದಿದ್ದೇನೆ, ಹಾಗೆ ಶುರುವಾದದ್ದು ಮುಂದಿನ ಪುಟಕ್ಕೆ ಎಳೆಯುವುದೇ ಇಲ್ಲ.

ಅಂಕಿ ಅಂಶದ ವಿಷಯ ಬೇರೆ. ವಿಶ್ವಕೋಶದಲ್ಲಿ ಒಂದು ಸಂಖ್ಯೆ ಕಂಡರೆ ಅದನ್ನು ಅಲ್ಲಿಂದ ನೇರ ಎತ್ತಬೇಡಿ, ಅದು ಎಲ್ಲಿಂದ ಬಂತು ಅಂತ ಹಿಂದಕ್ಕೆ ಹೋಗಿ. ನಮ್ಮ ದೇಹದಲ್ಲಿ ನಮ್ಮ ಕೋಶಗಳಿಗಿಂತ ಹತ್ತು ಪಟ್ಟು ಬ್ಯಾಕ್ಟೀರಿಯಾ ಇವೆ ಅಂತ ನೀವೂ ಓದಿರುತ್ತೀರಿ, ಅಲ್ವಾ? ಪುಸ್ತಕದಿಂದ ಪುಸ್ತಕಕ್ಕೆ ಆ ಮಾತು ದಶಕಗಟ್ಟಲೆ ನಡೆಯಿತು. ಹಿಂದೆ ಹಿಂದೆ ಹೋಗಿ ನೋಡಿದರೆ ಸಿಗುವುದು 1972ರ ಒಂದು ಅಂದಾಜು ಲೆಕ್ಕ. 2016ರಲ್ಲಿ ರಾನ್ ಸೆಂಡರ್, ಶಾಯ್ ಫುಕ್ಸ್, ರಾನ್ ಮಿಲೊ ಮತ್ತೆ ಕೂತು ಲೆಕ್ಕ ಹಾಕಿದರು. 70 ಕೆಜಿ ತೂಕದ ಒಬ್ಬ ಗಂಡಸಿನಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ, ಸುಮಾರು 30 ಲಕ್ಷ ಕೋಟಿ ಮನುಷ್ಯ ಕೋಶ. ಹತ್ತು ಪಟ್ಟು ಎಲ್ಲಿ, ಹೆಚ್ಚುಕಡಿಮೆ ಸಮ ಎಲ್ಲಿ! ಹತ್ತು ಪುಸ್ತಕಗಳಲ್ಲಿ ಒಂದೇ ಸಂಖ್ಯೆ ಇದೆ ಅಂದರೆ ಹತ್ತು ಜನ ಎಣಿಸಿದ್ದಾರೆ ಅಂತ ಅಲ್ಲ. ಒಬ್ಬರು ಎಣಿಸಿ ಒಂಬತ್ತು ಜನ ನಕಲು ಮಾಡಿರಬಹುದು. ನಿಮ್ಮ ವರದಿಯಲ್ಲಿ ಬರುವ ಪ್ರತಿ ಸಂಖ್ಯೆಗೂ ಮೂಲ ಪೇಪರ್ ತೆಗೆದು ನೋಡಿ, ಅದನ್ನೇ ಉಲ್ಲೇಖಿಸಿ.


ಹಸಿರೆಲೆ ಬರೆದದ್ದು:

ಎಲ್ಲರಿಗೂ ತುಂಬಾ ಧನ್ಯವಾದ. ನೀವು ಹೇಳಿದ ಹಾಗೇ ಮಾಡಿದೆ. ಎರಡು ದಿನ ಪೇಪರ್ ಮುಟ್ಟಲಿಲ್ಲ.

ಮೂರು ಸಾಲಿನ ಹಾಳೆಯಲ್ಲಿ ಈಗ 31 ಪದ ಇವೆ. ಆಟೋಫಜಿ ಅನ್ನುವ ಹೆಸರು ಕೊಟ್ಟವರು ಕ್ರಿಶ್ಚಿಯನ್ ಡಿ ಡ್ಯೂವ್, 1963ರಲ್ಲಿ. ಲೈಸೋಸೋಮ್ ಕಂಡುಹಿಡಿದವರೂ ಅವರೇ ಅಂತ ಗೊತ್ತಾದಾಗ ಎರಡೂ ಪದ ಯಾಕೆ ಯಾವಾಗಲೂ ಜೊತೆಗೇ ಬರುತ್ತವೆ ಅನ್ನುವುದು ತಾನಾಗಿ ಅರ್ಥವಾಯ್ತು. ಅಲ್ಲಿಂದ ಯೋಶಿನೊರಿ ಓಸುಮಿ ಅವರ ಕೆಲಸಕ್ಕೆ ಬಂದೆ, 2016ರ ನೊಬೆಲ್ ಅವರಿಗೆ ಸಿಕ್ಕಿದ್ದು ಇದಕ್ಕೇ. ಯೀಸ್ಟ್‌ನ ವ್ಯಾಕ್ಯುಯೋಲ್‌ನಲ್ಲಿ ಅರಗಿಸುವ ಕಿಣ್ವಗಳು ಇಲ್ಲದಂಥ ತಳಿ ತೆಗೆದುಕೊಂಡು ಅದಕ್ಕೆ ಸಾರಜನಕ ಸಿಗದ ಹಾಗೆ ಮಾಡಿದರು. ಕೋಶದ ಭಾಗಗಳನ್ನು ಅರಗಿಸಲು ಹೊತ್ತು ವ್ಯಾಕ್ಯುಯೋಲ್‌ನ ಒಳಗೆ ಬಂದ ಚೀಲಗಳು ಕರಗಲಾಗದೆ ಅಲ್ಲೇ ಗುಡ್ಡೆ ಬಿದ್ದವು. ಸಾಧಾರಣ ಸೂಕ್ಷ್ಮದರ್ಶಕದಲ್ಲೇ ಅವು ಓಡಾಡುವುದು ಕಂಡಿತು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ತಡೆಯುವುದರಿಂದ ಕಾಣಿಸುವ ಹಾಗೆ ಮಾಡಿದ್ದಾರಲ್ಲ!

ನನ್ನ ಪ್ರಶ್ನೆಯೂ ಚಿಕ್ಕದಾಯ್ತು. ಮೊದಲು ಸುಮ್ನೆ "ಆಟೋಫಜಿ" ಅಂತಿತ್ತು. ಈಗ, ಸಾರಜನಕ ಸಿಗದಾಗ ಯೀಸ್ಟ್ ಕೋಶದಲ್ಲಿ ಎಟಿಜಿ8 ಏನು ಮಾಡುತ್ತದೆ ಅಂತ. ಬಿಟ್ಟುಹೋಗಿದ್ದ ಆ ಮೊದಲ ಪೇಪರನ್ನು ಇವತ್ತು ಪೂರ್ತಿ ಓದಿದೆ, ಎರಡೂವರೆ ಗಂಟೆ ಹಿಡಿಯಿತು.

ಒಂದು ಸಂಶಯ ಉಳಿದಿದೆ. ಹಳೆಯ ಹೆಸರುಗಳಲ್ಲಿ ಹುಡುಕಿದಾಗ ಸಿವಿಟಿ ಅಂತ ಇರುವ ಪೇಪರ್‌ಗಳು ಜಾಸ್ತಿ ಬಂದವು. ಅದರಲ್ಲಿ ಕೆಲವು ಹಸಿವಿನ ಬಗ್ಗೆ ಮಾತೇ ಆಡುವುದಿಲ್ಲ. ಅವನ್ನು ಬಿಟ್ಟುಬಿಡಲಾ?


ಕೋಶಕೇಂದ್ರ ಬರೆದದ್ದು:

ಬಿಡಬೇಡಿ, ಆದರೆ ಬೇರೆ ಫೋಲ್ಡರ್‌ನಲ್ಲಿ ಇಡಿ. ಸಿವಿಟಿ ಅನ್ನುವುದು ಜೀನ್‌ಗಳ ಹಳೆಯ ಹೆಸರೂ ಹೌದು, ಒಂದು ದಾರಿಯ ಹೆಸರೂ ಹೌದು. ಸೈಟೋಪ್ಲಾಸಂನಿಂದ ವ್ಯಾಕ್ಯುಯೋಲ್‌ಗೆ ಕೆಲವು ಕಿಣ್ವಗಳನ್ನು ಸಾಗಿಸುವ ದಾರಿ ಅದು. ಯೀಸ್ಟ್‌ಗೆ ಆಹಾರ ಚೆನ್ನಾಗಿ ಸಿಗುತ್ತಿರುವಾಗಲೂ ನಡೆಯುತ್ತದೆ, ಅದಕ್ಕೇ ಅಲ್ಲಿ ಹಸಿವಿನ ಮಾತಿಲ್ಲ. ಈ ದಾರಿ ಮತ್ತು ಆಟೋಫಜಿ ಎರಡೂ ಎಟಿಜಿ8 ಸೇರಿದಂತೆ ಬಹುಪಾಲು ಅದೇ ಪ್ರೋಟೀನ್‌ಗಳನ್ನು ಬಳಸಿಕೊಳ್ಳುತ್ತವೆ. ಒಂದೇ ಪ್ರೋಟೀನ್ ಹಸಿವಿದ್ದಾಗ ಒಂದು ಕೆಲಸ, ಇಲ್ಲದಾಗ ಇನ್ನೊಂದು ಕೆಲಸ ಮಾಡುತ್ತದೆ ಅಂದರೆ ನಿಮ್ಮ ವರದಿಗೆ ಒಂದು ಇಡೀ ಅಧ್ಯಾಯ ಸಿಕ್ಕಿತು. ಹುಡುಕುವಾಗ ಎಪಿಜಿ8 ಮತ್ತು ಎಯುಟಿ7 ಎರಡನ್ನೂ ಹಾಕಿ ನೋಡಿ. ಎರಡೂ ಎಟಿಜಿ8ನ ಹಳೆಯ ಹೆಸರುಗಳೇ, ಸಂಖ್ಯೆ ಬೇರೆ ಇದೆ ಅಂತ ಮೋಸ ಹೋಗಬೇಡಿ. ನಿಮ್ಮ ಹಾಳೆಯ ಮೂರನೇ ಸಾಲಿಗೆ ಇವನ್ನೂ ಸೇರಿಸಿಕೊಳ್ಳಿ.